36 ಸಾಮಗ್ರಿಯ ಸತ್ಯನಾರಾಯಣ ಪೂಜಾ ಕಿಟ್: ಹನ್ನೊಂದು ಅಡಿಕೆಗೆ ಪೂಜೆ ಮುಗಿಯೋದಿಲ್ಲ

ಪೆಟ್ಟಿಗೆಯ ಮುಚ್ಚಳದ ಮೇಲೆ ದಪ್ಪಕ್ಷರದಲ್ಲಿ ‘36 ಸಾಮಗ್ರಿ, ಇನ್ನೇನೂ ತರಬೇಕಿಲ್ಲ’ ಎಂದಿದೆ. ಮುಖಬೆಲೆ 999 ರೂಪಾಯಿ. ಎಲ್ಲವನ್ನೂ ಚಾಪೆಯ ಮೇಲೆ ಹರವಿ ಎಣಿಸಿದರೆ 36 ಸರಿಯಾಗಿಯೇ ಇದೆ. ಆದರೆ ಬೆಂಕಿಪೊಟ್ಟಣ, ಎರಡು ಕಾಗದದ ದೊನ್ನೆ, ಕೈ ಒರೆಸುವ ಟಿಶ್ಯೂ ಇವೂ ಆ ಮೂವತ್ತಾರರಲ್ಲಿ ಸೇರಿವೆ. ಪಟ್ಟಿ ಮಾಡಿದವರು ಎಷ್ಟು ಬಗೆಯ ಸಾಮಾನು ಬೇಕು ಎಂದು ನೋಡಿದ್ದಾರೆ, ಒಂದೊಂದೂ ಎಷ್ಟೆಷ್ಟು ಬೇಕು ಎಂದು ನೋಡಿಲ್ಲ. ಪೂಜೆ ಮಾಡಿಸಿ ಗೊತ್ತಿರುವವರು ಕೇಳುವುದು ಎರಡನೆಯದನ್ನೇ. ಈ ಕಿಟ್‌ನ ಗುಣವನ್ನೂ ದೋಷವನ್ನೂ ಆ ಲೆಕ್ಕದಲ್ಲೇ ನೋಡಬೇಕು.

ಅಡಿಕೆಯಿಂದ ಶುರು ಮಾಡೋಣ. ಪೊಟ್ಟಣದಲ್ಲಿ ಹನ್ನೊಂದು ಗೋಟಡಿಕೆ, ಅಂದರೆ ಇಡೀ ಅಡಿಕೆ, ಇವೆ. ಮಂಡಲ ಹಾಕುವುದೆಂದರೆ ಮಣೆಯ ಮೇಲೆ ಹೊಸ ಬಟ್ಟೆ ಹಾಸಿ, ಅಕ್ಕಿ ಹರಡಿ, ನಡುವೆ ಕಲಶ ಇಟ್ಟು, ಸುತ್ತ ಒಂದೊಂದು ದೇವತೆಗೆ ಒಂದು ವೀಳ್ಯದೆಲೆ, ಅದರ ಮೇಲೆ ಒಂದು ಅಡಿಕೆ, ಒಂದು ನಾಣ್ಯ. ಗಣಪತಿ, ಬ್ರಹ್ಮ, ವಿಷ್ಣು, ರುದ್ರ, ಗೌರಿ ಎಂದು ಪಂಚಲೋಕಪಾಲಕರು 5. ನವಗ್ರಹ 9. ಇಂದ್ರನಿಂದ ಈಶಾನನವರೆಗೆ ದಿಕ್ಪಾಲಕರು 8. ಅಲ್ಲಿಗೇ 22 ಆಯಿತು. ಒಂದೊಂದು ಗ್ರಹದ ಜೊತೆಗಿರುವ ಅಧಿದೇವತೆ, ಪ್ರತ್ಯಧಿದೇವತೆ ಎಂಬ ಇಬ್ಬರು ದೇವತೆಗಳನ್ನು ಅದೇ ಎಲೆಯಲ್ಲಿ ಆವಾಹಿಸುವ ರೂಢಿ ಇದ್ದರೆ ಲೆಕ್ಕ ಇಷ್ಟೇ. ಬೇರೆ ಬೇರೆ ಎಲೆ ಇಡುವ ಪುರೋಹಿತರಾದರೆ ಇನ್ನೂ 18 ಸೇರಿ 40. ಇದರ ಮೇಲೆ ಮೊದಲಿಗೆ ಮಾಡುವ ಗಣಪತಿ ಪೂಜೆಗೆ 1, ಕಲಶದೊಳಗೆ ಹಾಕಲು 1, ದೇವರ ತಾಂಬೂಲಕ್ಕೆ 2, ಪುರೋಹಿತರ ದಕ್ಷಿಣೆಯ ಜೊತೆ 2. ಐದು ಜನ ಮುತ್ತೈದೆಯರಿಗೆ ತಾಂಬೂಲ ಕೊಡುವುದಾದರೆ ತಲೆಗೆ ಎರಡರಂತೆ 10. ಸರಳವಾಗಿ ಮಾಡುವ ಮನೆಗೂ 38 ಅಡಿಕೆ ಬೇಕು. ಕಿಟ್‌ನಲ್ಲಿರುವುದು ಮೂರನೇ ಒಂದು ಭಾಗಕ್ಕೂ ಕಡಿಮೆ.

ಹನ್ನೊಂದು ಎಂಬ ಸಂಖ್ಯೆ ಎಲ್ಲಿಂದ ಬಂತೋ ಊಹಿಸಬಹುದು. 11, 21, 51 ಎಂದರೆ ಶುಭ ಅನ್ನುವ ಭಾವನೆ ಇದೆ, ಪ್ಯಾಕಿಂಗಿಗೂ ಸಲೀಸು. ಮಂಡಲಕ್ಕೆ ಬೇಕಾದ ಸಂಖ್ಯೆಯೇ ಬೇರೆ. ಅಡಿಕೆಯ ಗುಣಮಟ್ಟವೂ ಅಷ್ಟಕ್ಕಷ್ಟೆ. ಒಂದೊಂದನ್ನೇ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರೆ ಮೂರರಲ್ಲಿ ಒಳಗೆ ಕಟಕಟ ಸದ್ದು. ಅವುಗಳಲ್ಲಿ ಒಂದಕ್ಕೆ ಸೂಜಿ ಚುಚ್ಚಿದಷ್ಟು ತೂತು, ಅದರ ಸುತ್ತ ಕಂದು ಹಿಟ್ಟು, ಹುಳು ತಿಂದ ಗುರುತು. ಹುಳು ಬಿದ್ದ ಅಡಿಕೆಯನ್ನು ಆವಾಹನೆಗೆ ಇಡುವುದಿಲ್ಲ. ಎಂಟೇ ಉಳಿದಂತಾಯಿತು. ‘ಪೂಜಾ ಅಡಿಕೆ’ ಎಂದು ಪ್ರತ್ಯೇಕವಾಗಿ ಮಾರುವುದು ಬಹುತೇಕ ತಿನ್ನಲು ಬಾರದ ಮಾಲು. ತಾಂಬೂಲಕ್ಕೆ ಅದನ್ನು ಕೊಟ್ಟರೆ ತೆಗೆದುಕೊಂಡು ಹೋದವರು ಏನು ಮಾಡಬೇಕು? ಮಂಡಲಕ್ಕೆ ಗೋಟು ಸಾಕು. ತಾಂಬೂಲಕ್ಕೆ ತಿನ್ನುವ ಬಟ್ಟಲಡಿಕೆಯನ್ನೇ ಬೇರೆ ತರಬೇಕು.

ನವಧಾನ್ಯದ ಪೊಟ್ಟಣದಲ್ಲಿ ಇನ್ನೂ ದೊಡ್ಡ ಎಡವಟ್ಟಿದೆ. ಒಂಬತ್ತು ಧಾನ್ಯಗಳನ್ನೂ ಒಂದೇ ಚೀಲದಲ್ಲಿ ಬೆರೆಸಿ ಕೊಟ್ಟಿದ್ದಾರೆ. ಮದುವೆ, ಮುಂಜಿಯಲ್ಲಿ ಅಂಕುರಾರ್ಪಣೆಗೆ, ಅಂದರೆ ಮೊಳಕೆ ಬರಿಸಲು, ಪಾಲಿಕೆ ಎಂಬ ಮಣ್ಣಿನ ಕುಡಿಕೆಯಲ್ಲಿ ಬಿತ್ತುವುದಾದರೆ ಹೀಗೆ ಬೆರೆತಿದ್ದರೂ ನಡೆಯುತ್ತದೆ. ನವಗ್ರಹ ಸ್ಥಾಪನೆಗೆ ನಡೆಯದು, ಅಲ್ಲಿ ಒಂದೊಂದು ಗ್ರಹಕ್ಕೆ ಒಂದೊಂದು ಧಾನ್ಯ. ಸೂರ್ಯನಿಗೆ ಗೋಧಿ ನಡುವೆ, ಚಂದ್ರನಿಗೆ ಅಕ್ಕಿ ಆಗ್ನೇಯದಲ್ಲಿ, ಕುಜನಿಗೆ ತೊಗರಿ ದಕ್ಷಿಣದಲ್ಲಿ, ಬುಧನಿಗೆ ಹೆಸರುಕಾಳು ಈಶಾನ್ಯದಲ್ಲಿ, ಗುರುವಿಗೆ ಕಡಲೆ ಉತ್ತರದಲ್ಲಿ, ಶುಕ್ರನಿಗೆ ಅವರೆ ಪೂರ್ವದಲ್ಲಿ, ಶನಿಗೆ ಎಳ್ಳು ಪಶ್ಚಿಮದಲ್ಲಿ, ರಾಹುವಿಗೆ ಉದ್ದು ನೈಋತ್ಯದಲ್ಲಿ, ಕೇತುವಿಗೆ ಹುರುಳಿ ವಾಯವ್ಯದಲ್ಲಿ. ಬೆರೆತ ಪೊಟ್ಟಣದಿಂದ ಕಡಲೆ, ಅವರೆಯನ್ನು ಆರಿಸಬಹುದು. ಎಳ್ಳನ್ನು ಆರಿಸಲು ಕೂತರೆ ಮುಹೂರ್ತ ದಾಟುತ್ತದೆ. ಇದಕ್ಕೆ ಕಿಟ್ ಬೇಕೇ ಇಲ್ಲ. ಅಡುಗೆಮನೆಯ ಡಬ್ಬಗಳಲ್ಲಿ ಒಂಬತ್ತರಲ್ಲಿ ಏಳೆಂಟು ಇದ್ದೇ ಇರುತ್ತವೆ. ಒಂದೊಂದು ಹಿಡಿ ತೆಗೆದು ಒಂಬತ್ತು ದೊನ್ನೆಗೆ ಹಾಕಿಟ್ಟರೆ ಆಯಿತು. ಧಾನ್ಯ ಇಡುವ ರೂಢಿ ಇಲ್ಲದ ಮನೆಗಳಲ್ಲಿ ಬರೀ ಎಲೆ, ಅಡಿಕೆಯಲ್ಲೇ ಆವಾಹನೆ ನಡೆಯುತ್ತದೆ. ಆಗ ಈ ಪೊಟ್ಟಣಕ್ಕೆ ಕೊಟ್ಟ ದುಡ್ಡು ದಂಡ.

ಕಲಶದ ಚೊಂಬು ಫೋಟೋದಲ್ಲಿ ಕಂಡಷ್ಟು ದೊಡ್ಡದಲ್ಲ, ಹೆಚ್ಚೆಂದರೆ ಅರ್ಧ ಲೀಟರು ಹಿಡಿಯುತ್ತದೆ. ತಾಮ್ರವಂತೂ ನಿಜ. ಅಯಸ್ಕಾಂತ ಹಿಡಿದರೆ ಅಂಟುವುದಿಲ್ಲ, ತಳವನ್ನು ಹುಣಸೆಹಣ್ಣಿನಿಂದ ಉಜ್ಜಿದರೆ ಕೆಳಗೂ ಅದೇ ಕೆಂಪು ಬಣ್ಣ. ಲೇಪ ಕೊಟ್ಟ ಅಗ್ಗದ ಚೊಂಬಾದರೆ ನಾಲ್ಕು ಸಲ ತಿಕ್ಕಿದಾಗ ಬೆಳ್ಳಗೆ ಇಣುಕುತ್ತದೆ. ದೋಷ ಇರುವುದು ಕಂಠದಲ್ಲಿ. ಬಾಯಿ ತೀರಾ ಅಗಲ, ಅಂಚು ಒಳಗೆ ಬಾಗಿಲ್ಲ. ಜುಟ್ಟು ಬಿಟ್ಟು ಸುಲಿದ ನಡುಗಾತ್ರದ ತೆಂಗಿನಕಾಯಿ ಅದರ ಮೇಲೆ ಕೂರುವುದಿಲ್ಲ, ಅರ್ಧ ಒಳಗಿಳಿದು ಮಾವಿನೆಲೆಗಳನ್ನು ನೀರಿಗೆ ತುಳಿಯುತ್ತದೆ. ಕಾಯಿ ಮೂರನೇ ಒಂದು ಭಾಗ ಮಾತ್ರ ಒಳಗಿದ್ದು, ಐದು ಎಲೆಗಳ ತುದಿ ಹೊರಚಾಚಿ ನಿಂತರೆ ಕಲಶ ಲಕ್ಷಣವಾಗಿ ಕಾಣುತ್ತದೆ, ಅಲ್ಲಾಡುವುದೂ ಇಲ್ಲ. ಈ ಚೊಂಬನ್ನೇ ಬಳಸಬೇಕಾದರೆ ದೊಡ್ಡ ಕಾಯಿ ತನ್ನಿ, ಎಲೆಯ ತೊಟ್ಟುಗಳನ್ನು ಜೋಡಿಸಿ ದಾರ ಸುತ್ತಿ ಕಂಠಕ್ಕೆ ಬಿಗಿ ಮಾಡಿ. ನೀರನ್ನು ಮುಕ್ಕಾಲು ಮಾತ್ರ ತುಂಬಿ, ಕಾಯಿ ಇಟ್ಟಾಗ ನೀರು ಮೇಲೇರುತ್ತದೆ. ತುಂಬಿ ತುಳುಕಿದರೆ ಕೆಳಗಿನ ಅಕ್ಕಿ ನೆನೆದು ಮಾರನೆಯ ದಿನ ಹುಳಿವಾಸನೆ. ಪುಸ್ತಿಕೆಯಲ್ಲಿ ಈ ವಿಷಯ ಒಂದು ಸಾಲೂ ಇಲ್ಲ.

ಹಾಗೇ ಇನ್ನೊಂದು ಮಾತು. ಜೊತೆಗೆ ಕೊಟ್ಟಿರುವ ಪುಟ್ಟ ತಾಮ್ರದ ಬಟ್ಟಲಿನ ಮೇಲೆ ‘ಪಂಚಾಮೃತಕ್ಕೆ’ ಎಂಬ ಚೀಟಿ ಅಂಟಿಸಿದ್ದಾರೆ. ಆ ಚೀಟಿಯನ್ನು ಕಿತ್ತು ಬಿಸಾಡಿ. ಹುಳಿ ಪದಾರ್ಥ ತಾಮ್ರದಲ್ಲಿ ನಿಂತರೆ ಲೋಹ ಬಿಡುತ್ತದೆ, ಮೊಸರು ಬಿದ್ದ ತಾಮ್ರದ ಬಟ್ಟಲು ಅರ್ಧ ಗಂಟೆಯೊಳಗೆ ರುಚಿ ಕೆಡಿಸುತ್ತದೆ. ಹಿರಿಯರು ತಾಮ್ರದಲ್ಲಿ ಹಾಲು, ಮೊಸರು ಇಡಬಾರದು ಎಂದು ಹೇಳಿಕೊಂಡೇ ಬಂದಿದ್ದಾರೆ. ಪಂಚಾಮೃತಕ್ಕೆ ಬೆಳ್ಳಿಯ ಬಟ್ಟಲು, ಇಲ್ಲವಾದರೆ ಸ್ಟೀಲು. ತಾಮ್ರದ್ದನ್ನು ಶುದ್ಧ ನೀರಿಗೆ, ತೀರ್ಥಕ್ಕೆ ಇಟ್ಟುಕೊಳ್ಳಿ.

ಅರಿಶಿನ, ಕುಂಕುಮ ತಲಾ 25 ಗ್ರಾಂ. ಅರಿಶಿನ ಪರವಾಗಿಲ್ಲ. ಚಿಟಿಕೆಯಷ್ಟನ್ನು ಒದ್ದೆ ಬಟ್ಟೆಯ ಮೇಲಿಟ್ಟು ಬಟ್ಟೆಸೋಪು ತಿಕ್ಕಿದರೆ ಕಡುಗೆಂಪಿಗೆ ತಿರುಗುತ್ತದೆ. ಬರೀ ಬಣ್ಣದ ಪುಡಿಯಾಗಿದ್ದರೆ ಹಳದಿ ಹಾಗೇ ಉಳಿಯುತ್ತಿತ್ತು. ಕುಂಕುಮ ಮಾತ್ರ ರಾಸಾಯನಿಕ ಬಣ್ಣದ್ದೇ. ಒಂದು ಲೋಟ ನೀರಿಗೆ ಉದುರಿಸಿದ ಕ್ಷಣಕ್ಕೇ ನೀರು ಗುಲಾಬಿಯಾಯಿತು, ತಳದಲ್ಲಿ ಬಿಳಿ ಹಿಟ್ಟು ಕೂತಿತು. ಅರಿಶಿನದಿಂದ ಮಾಡಿದ ಕುಂಕುಮದ ಬಣ್ಣ ನೀರಿಗೆ ಹೀಗೆ ಬಿಡುವುದಿಲ್ಲ. ನಿಂಬೆರಸ ಹಿಂಡಿ ನೋಡಿ ಎಂದು ಹಲವರು ಹೇಳುವುದುಂಟು. ಅದು ಅರ್ಧ ಮಾತ್ರ ಸರಿ. ಅರಿಶಿನಕ್ಕೆ ಸುಣ್ಣ ಬೆರೆಸಿ ಕೆಂಪು ಮಾಡಿದ್ದರೆ ನಿಂಬೆ ಬಿದ್ದಾಗ ಮತ್ತೆ ಹಳದಿಗೆ ತಿರುಗುತ್ತದೆ. ಬಿಳಿಗಾರ (ಬೊರಾಕ್ಸ್) ಮತ್ತು ನಿಂಬೆರಸದಲ್ಲೇ ಅರಿಶಿನವನ್ನು ನೆನೆಹಾಕಿ ಮಾಡಿದ ಕುಂಕುಮವಾದರೆ ತಿರುಗುವುದಿಲ್ಲ, ಅದೂ ಅಪ್ಪಟವೇ. ನೀರಿನ ಪರೀಕ್ಷೆಯೇ ನಂಬಿಕಸ್ಥ. ವಿಗ್ರಹಕ್ಕೆ, ಕಲಶಕ್ಕೆ ಹಚ್ಚಲು ಈ ಕುಂಕುಮ ಸಾಕು ಎನ್ನಬಹುದೇನೋ. ಹಣೆಗೆ ಇಟ್ಟುಕೊಂಡರೆ ಸೂಕ್ಷ್ಮ ಚರ್ಮದವರಿಗೆ ತುರಿಕೆ ಗ್ಯಾರಂಟಿ. ಮುತ್ತೈದೆಯರಿಗೆ ಕೊಡುವ ಬಟ್ಟಲಿಗೆ ಬೇರೆ ಕುಂಕುಮ ಇಡಿ.

ಅಕ್ಷತೆಯನ್ನು ಅವರೇ ಕಲಸಿ ಕೊಟ್ಟಿದ್ದಾರೆ. ಅರ್ಧಕ್ಕರ್ಧ ನುಚ್ಚು. ಕ್ಷತವಾಗದ್ದು, ಅಂದರೆ ಮುರಿಯದ್ದು, ಅದಕ್ಕೇ ಅದು ಅಕ್ಷತೆ. ಮನೆಯಲ್ಲಿ ಮಾಡಲು ಐದು ನಿಮಿಷ ಸಾಕು. ನೂರು ಗ್ರಾಂ ಇಡಿ ಅಕ್ಕಿ ಆರಿಸಿ, ಅರ್ಧ ಚಮಚ ಅರಿಶಿನ, ನಾಲ್ಕು ಹನಿ ತುಪ್ಪ ಹಾಕಿ ಬೆರಳ ತುದಿಯಲ್ಲಿ ಕಲಸಿ. ನೀರು ಹಾಕಿ ಕಲಸಿದರೆ ಎರಡೇ ದಿನಕ್ಕೆ ಮುಗ್ಗಲು. ಎಷ್ಟೋ ಕಿಟ್‌ಗಳ ಅಕ್ಷತೆ ಗಂಟುಗಟ್ಟಿರುವುದು ಇದೇ ಕಾರಣಕ್ಕೆ.

ಈಗ ಕರ್ಪೂರ. ಸಣ್ಣ ಡಬ್ಬಿಯಲ್ಲಿ ಇಪ್ಪತ್ತು ಬಿಲ್ಲೆ, ಸಂಖ್ಯೆ ಸಾಕು. ಗಣಪತಿಗೆ, ಕಲಶಕ್ಕೆ, ಐದು ಅಧ್ಯಾಯಗಳ ಕೊನೆಯಲ್ಲಿ ಒಂದೊಂದು ಸಲ, ಆಮೇಲೆ ಮಹಾಮಂಗಳಾರತಿ, ಎಲ್ಲ ಸೇರಿ ಎಂಟೊಂಬತ್ತು ಸಲ ಹಚ್ಚುವುದಿರುತ್ತದೆ. ಅಸಲಿಯೋ ನಕಲಿಯೋ ಎಂದು ನೋಡಲು ಒಂದು ಚೆಂದದ ಉಪಾಯವಿದೆ. ಚೆನ್ನಾಗಿ ತೊಳೆದ, ಜಿಡ್ಡಿಲ್ಲದ ತಟ್ಟೆಯಲ್ಲಿ ನೀರು ತುಂಬಿ, ಬಿಲ್ಲೆಯನ್ನು ಸಾಸಿವೆಕಾಳಿನಷ್ಟು ಚೂರು ಮಾಡಿ ಮೇಲೆ ಬಿಡಿ. ಅಸಲಿ ಕರ್ಪೂರದ ಚೂರು ನೀರಿನ ಮೇಲೆ ಜೀವ ಬಂದಂತೆ ಗಿರಗಿರ ತಿರುಗಿ ಅತ್ತಿಂದಿತ್ತ ಓಡಾಡುತ್ತದೆ. ಕರ್ಪೂರ ನೀರಿನ ಮೇಲೆ ತೆಳ್ಳಗೆ ಹರಡುವಾಗ ಒಂದು ಬದಿಯ ಸೆಳೆತ ಕಡಿಮೆಯಾಗಿ ಚೂರು ಇನ್ನೊಂದು ಬದಿಗೆ ಎಳೆಯಲ್ಪಡುತ್ತದೆ. ನುಸಿಗುಳಿಗೆಯ ನ್ಯಾಫ್ತಲೀನ್ ಮುಳುಗುತ್ತದೆ. ಮೇಣದ ಚೂರು ತೇಲುತ್ತದೆ, ಕದಲುವುದಿಲ್ಲ. ಕೆಲವರು ಬೆರೆಸುವ ಹೆಕ್ಸಮೀನ್ ಎಂಬ ರಾಸಾಯನಿಕ ನೀರಿನಲ್ಲಿ ಕರಗಿಯೇ ಹೋಗುತ್ತದೆ. ಕೈಬೆರಳಿನ ಎಣ್ಣೆ ನೀರಿಗೆ ತಾಗಿದರೆ ಅಸಲಿಯೂ ಸುಮ್ಮನಾಗುತ್ತದೆ, ಆದ್ದರಿಂದ ಚೂರನ್ನು ಚಾಕುವಿನ ತುದಿಯಿಂದ ಬಿಡಿ. ಈ ಕಿಟ್‌ನ ಕರ್ಪೂರ ಓಡಿತು, ಆದರೆ ಮಂದವಾಗಿ. ಒಂದು ಬಿಲ್ಲೆಯನ್ನು ಸ್ಟೀಲಿನ ತಟ್ಟೆಯಲ್ಲಿ ಹಚ್ಚಿ ಬಿಟ್ಟಾಗ ಕೊನೆಗೆ ಜಿಡ್ಡಾದ ಬಿಳಿ ಪದರ ಉಳಿಯಿತು. ಮಸಿ ಹಿಡಿಯುವುದು ಸಹಜ, ಒಳ್ಳೆಯ ಕರ್ಪೂರದ ಉರಿಗೂ ಹೊಗೆಯಿದೆ. ಜಿಡ್ಡು ಉಳಿಯುವುದು ಸಹಜವಲ್ಲ, ಏನೋ ಬೆರಕೆ ಇದೆ. ಪೂಜೆಗೆ ನಡೆಯುತ್ತದೆ, ಹೊಗಳುವಂಥದ್ದಲ್ಲ.

ಇಲ್ಲಿ ಒಂದು ಅಪಾಯವನ್ನು ಸ್ಪಷ್ಟವಾಗಿ ಹೇಳಬೇಕು. ಪುಸ್ತಿಕೆಯ ಏಳನೆಯ ಪುಟದಲ್ಲಿ ‘ತೀರ್ಥಕ್ಕೆ ಏಲಕ್ಕಿ, ಲವಂಗ, ಕರ್ಪೂರ ಹಾಕಿ’ ಎಂದಿದೆ. ಕಿಟ್‌ನಲ್ಲಿರುವುದು ಆರತಿ ಕರ್ಪೂರ ಒಂದೇ. ತೀರ್ಥಕ್ಕೆ ಹಾಕುವುದು ಅಡುಗೆಗೆ ಬಳಸುವ ಪಚ್ಚಕರ್ಪೂರ, ಅದೂ ಒಂದು ಲೀಟರಿಗೆ ಅಕ್ಕಿಕಾಳಿನಷ್ಟು. ಆರತಿ ಕರ್ಪೂರ ಹೊಟ್ಟೆಗೆ ಹೋಗಬಾರದು. ಪುಟ್ಟ ಮಕ್ಕಳಿಗೆ ಸ್ವಲ್ಪವೇ ಹೋದರೂ ಫಿಟ್ಸ್ ಬರಬಹುದು. ಕಲ್ಲುಸಕ್ಕರೆಯ ಪೊಟ್ಟಣದ ಪಕ್ಕದಲ್ಲೇ ಅದೇ ಬಿಳುಪಿನ ಕರ್ಪೂರದ ಬಿಲ್ಲೆಗಳನ್ನು ಇಟ್ಟು ಪ್ಯಾಕ್ ಮಾಡಿದವರಿಗೆ ಇಷ್ಟು ಹೊಳೆಯಬೇಕಿತ್ತು. ಆ ಸಾಲನ್ನು ಪೆನ್ನಿನಿಂದ ಹೊಡೆದುಹಾಕಿ, ‘ಪಚ್ಚ’ ಎಂದು ಬರೆದಿಡಿ.

ಬತ್ತಿಯ ವಿಷಯದಲ್ಲಿ ಕಿಟ್ ಮಾಡಿದವರನ್ನು ಮೆಚ್ಚಬೇಕು. ಹೂಬತ್ತಿ ಮೂವತ್ತು, ಉದ್ದ ಬತ್ತಿ ಹತ್ತು, ಎರಡೂ ಶುದ್ಧ ಹತ್ತಿ. ಎಳೆ ಕಿತ್ತು ಸುಟ್ಟಾಗ ಕಾಗದ ಸುಟ್ಟ ವಾಸನೆ, ಬೂದಿ ಬೆರಳಲ್ಲಿ ಪುಡಿಯಾಗುತ್ತದೆ. ಪಾಲಿಯೆಸ್ಟರ್ ಬೆರೆತಿದ್ದರೆ ಕರಗಿ ಗಟ್ಟಿ ಮಣಿಯಾಗುತ್ತದೆ, ದೀಪದಲ್ಲಿ ಕಪ್ಪು ಹೊಗೆ ಬಿಟ್ಟು ಚಟಪಟ ಎನ್ನುತ್ತದೆ. ಗೆಜ್ಜೆವಸ್ತ್ರವೂ ಹತ್ತಿಯದೇ, ಕೈಯಲ್ಲಿ ಮಾಡಿದ್ದು, ಗೆಜ್ಜೆಗೆಜ್ಜೆಯ ನಡುವೆ ಕುಂಕುಮದ ಗುರುತು ನೀಟಾಗಿದೆ. ಮೂರು ಎಳೆ ಇವೆ, ಗಣಪತಿ, ಕಲಶ, ಮಂಡಲಕ್ಕೆ ಸರಿಹೋಗುತ್ತದೆ. ಜನಿವಾರ ಎರಡು, ಗಣಪತಿಗೆ ಒಂದು, ಸತ್ಯನಾರಾಯಣನಿಗೆ ಒಂದು. ಬ್ರಹ್ಮಗಂಟು ಸಡಿಲವಾಗಿದೆ, ದೇವರಿಗೆ ಏರಿಸಲು ಅಡ್ಡಿಯಿಲ್ಲ. ಮನೆಯ ಯಜಮಾನರು ಹೊಸದು ಹಾಕಿಕೊಳ್ಳುವುದಾದರೆ ಬೇರೆ ತರಬೇಕು.

ಎಣ್ಣೆ ಮಾತ್ರ 50 ಮಿಲಿಲೀಟರ್, ‘ದೀಪದ ಎಣ್ಣೆ’ ಎಂಬ ಮಿಶ್ರಣ. ಎಡಬಲದ ಎರಡು ದೀಪ, ಒಂದೊಂದರಲ್ಲಿ ಎರಡೆರಡು ಬತ್ತಿ ಜೋಡಿಸಿದ್ದು, ಸಂಕಲ್ಪದಿಂದ ಕಥೆ ಮುಗಿಯುವವರೆಗೆ ಎರಡೂವರೆ ಗಂಟೆ ಉರಿಯಬೇಕು. 50 ಮಿಲಿ ಮೂರನೇ ಅಧ್ಯಾಯದ ಹೊತ್ತಿಗೆ ಬತ್ತಿ ತಳ ಕಾಣುವ ಲೆಕ್ಕ. ನೂರೈವತ್ತು ಮಿಲಿ ಎಳ್ಳೆಣ್ಣೆ ಪಕ್ಕದಲ್ಲಿರಲಿ. ಚಳಿಗಾಲದ ಬೆಳಗ್ಗೆ ಇಂಥ ಮಿಶ್ರಣದ ಎಣ್ಣೆ ತಾಳೆಯ ಅಂಶದಿಂದ ಹೆಪ್ಪುಗಟ್ಟಿ ಬತ್ತಿಗೆ ಏರುವುದಿಲ್ಲ, ದೀಪ ಪದೇಪದೇ ಆರುತ್ತದೆ, ಮನೆಯವರಿಗೆ ಸುಮ್ಮನೆ ಅಪಶಕುನದ ಅಳುಕು. ಬಾಟಲಿಯನ್ನು ಬಿಸಿನೀರಿನಲ್ಲಿ ಹತ್ತು ನಿಮಿಷ ಇಟ್ಟರೆ ಸರಿಹೋಗುತ್ತದೆ. ಹೂಬತ್ತಿಗಳನ್ನು ಹಿಂದಿನ ರಾತ್ರಿಯೇ ಕಾಯಿಸಿದ ತುಪ್ಪದಲ್ಲಿ ಅದ್ದಿಡಿ. ಪಂಚಾರತಿಯ ಐದೂ ಬತ್ತಿ ಒಂದೇ ಕಡ್ಡಿಗೆ ಹೊತ್ತಿಕೊಳ್ಳಬೇಕಾದರೆ ತುದಿ ತುಪ್ಪದಲ್ಲಿ ನೆಂದಿರಬೇಕು.

ಗಂಧದ ಪುಡಿಗೂ ಗಂಧಕ್ಕೂ ಸಂಬಂಧವಿಲ್ಲ, ಬಣ್ಣ ಹಾಕಿದ ಮರದ ಪುಡಿಗೆ ಸೆಂಟು ಹೊಡೆದಿದ್ದಾರೆ. ಇಪ್ಪತ್ತು ಗ್ರಾಂ ಅಸಲಿ ಶ್ರೀಗಂಧ ಈ ಬೆಲೆಯ ಪೆಟ್ಟಿಗೆಯಲ್ಲಿ ಬರಲು ಸಾಧ್ಯವೂ ಇಲ್ಲ. ಸಾಣೆಕಲ್ಲೂ ಕೊರಡೂ ಇದ್ದರೆ ತೇದುಕೊಳ್ಳಿ. ಊದುಬತ್ತಿ ಸಾಧಾರಣ.

ರವಿಕೆ ಕಣ ಕೆಂಪು ಪಾಲಿಯೆಸ್ಟರ್, 60 ಸೆಂಟಿಮೀಟರ್. ಇದರಲ್ಲಿ ರವಿಕೆ ಹೊಲಿಯಲು ಬರುವುದಿಲ್ಲ, ಸಾಲದು. ಕಲಶಕ್ಕೆ ಸುತ್ತಬಹುದು. ದೀಪದ ಹತ್ತಿರ ಇಡಬೇಡಿ, ಹತ್ತಿಯಂತೆ ಉರಿದು ಬೂದಿಯಾಗುವುದಿಲ್ಲ, ಕರಗಿ ಅಂಟಿಕೊಳ್ಳುತ್ತದೆ.

ಒಣಗಿದ ತುಳಸಿದಳದ ಪೊಟ್ಟಣ ಕಂಡಾಗ ನಗು ಬಂದರೂ ಅದನ್ನು ತಪ್ಪೆನ್ನಲು ಆಗದು. ತುಳಸಿಗೂ ಗಂಗೆಗೂ ಪರ್ಯುಷಿತದೋಷ, ಅಂದರೆ ಹಳತಾದ ದೋಷ, ಇಲ್ಲ, ಬಾಡಿದ ತುಳಸಿಯೂ ಅರ್ಚನೆಗೆ ಬರುತ್ತದೆ ಎಂಬುದು ಸಂಪ್ರದಾಯದ ಮಾತು. ಆದರೆ 108 ನಾಮಾರ್ಚನೆಗೆ 108 ದಳ ಬೇಕು, ಇಲ್ಲಿರುವುದು ಪುಡಿ. ಹುಣ್ಣಿಮೆಯ ದಿನ ಪೂಜೆ ಇಟ್ಟುಕೊಳ್ಳುವವರು ಹಿಂದಿನ ದಿನವೇ ತುಳಸಿ ಬಿಡಿಸಿಟ್ಟುಕೊಳ್ಳಬೇಕು. ಹುಣ್ಣಿಮೆ, ಅಮಾವಾಸ್ಯೆ, ದ್ವಾದಶಿ, ಭಾನುವಾರಗಳಂದು ತುಳಸಿ ಕೊಯ್ಯುವುದಿಲ್ಲ. ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟರೆ ಮರುದಿನ ಸಂಜೆಯವರೆಗೂ ತಾಜಾ ಇರುತ್ತದೆ. ಪುಸ್ತಿಕೆಯಲ್ಲಿ ಗಣಪತಿಗೂ ತುಳಸಿ ಏರಿಸಿ ಎಂದಿದ್ದಾರೆ, ಅದು ತಪ್ಪು. ಗಣಪತಿಗೆ ಗರಿಕೆ. ಗರಿಕೆ ಕಿಟ್‌ನಲ್ಲಿ ಇಲ್ಲ.

ಪ್ರಸಾದದ ಪೊಟ್ಟಣದ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು, ಈ ವ್ರತದ ಗುರುತೇ ಸಪಾದ ಭಕ್ಷ್ಯ. ಸಪಾದ ಎಂದರೆ ಪಾದ ಸಹಿತ, ಒಂದೂಕಾಲು. ಬಾಳೆಹಣ್ಣು, ತುಪ್ಪ, ಹಾಲು, ಗೋಧಿಯ ಹಿಟ್ಟು ಅಥವಾ ರವೆ, ಸಕ್ಕರೆ ಎಲ್ಲವೂ ಒಂದೂಕಾಲು ಅಳತೆ. ಗೋಧಿ ಇಲ್ಲದಿದ್ದರೆ ಅಕ್ಕಿಹಿಟ್ಟು, ಸಕ್ಕರೆ ಇಲ್ಲದಿದ್ದರೆ ಬೆಲ್ಲ ಎಂದು ಕಥೆಯ ಮೊದಲ ಅಧ್ಯಾಯವೇ ಹೇಳುತ್ತದೆ. ಅಂದರೆ ಪದಾರ್ಥದಲ್ಲಿ ವಿನಾಯಿತಿ ಉಂಟು, ಅಳತೆಯಲ್ಲಿ ಇಲ್ಲ. ಕಿಟ್‌ನಲ್ಲಿ ಕೊಟ್ಟಿರುವುದು ರವೆ 250 ಗ್ರಾಂ, ಸಕ್ಕರೆ 200 ಗ್ರಾಂ, ತುಪ್ಪ 50 ಮಿಲಿ. ಇದರಲ್ಲಿ ಒಂದೂಕಾಲು ಎಲ್ಲಿದೆ? ಸಕ್ಕರೆ ಹೇಗೋ ಹತ್ತಿರ ಬಂತು, ತುಪ್ಪ ಬೇಕಾದ್ದರಲ್ಲಿ ಐದನೇ ಒಂದು ಭಾಗ.

200 ಮಿಲಿಯ ಒಂದು ಲೋಟವನ್ನು ಅಳತೆಯಾಗಿ ಇಟ್ಟುಕೊಳ್ಳಿ. ಒಂದೂಕಾಲು ಲೋಟ ಎಂದರೆ 250 ಮಿಲಿ. ಅಷ್ಟು ಮಧ್ಯಮ ರವೆ ತೂಕದಲ್ಲಿ ಹೆಚ್ಚುಕಡಿಮೆ 175 ಗ್ರಾಂ, ಸಕ್ಕರೆ 210 ಗ್ರಾಂ, ತುಪ್ಪ 250 ಮಿಲಿ, ಹಾಲು 250 ಮಿಲಿ, ಹೆಚ್ಚಿದ ಬಾಳೆಹಣ್ಣು ಒಂದೂಕಾಲು ಲೋಟಕ್ಕೆ ಯಾಲಕ್ಕಿ ಬಾಳೆ ಐದಾರು. ಇಷ್ಟರಿಂದ ಮೂವತ್ತು ಜನರಿಗೆ ಕೈತುಂಬ ಅಲ್ಲದಿದ್ದರೂ ಬಾಯಿತುಂಬ ಪ್ರಸಾದವಾಗುತ್ತದೆ. ಬಾಣಲೆಗೆ ಅರ್ಧ ತುಪ್ಪ ಹಾಕಿ ಬಾಳೆಹಣ್ಣಿನ ಚೂರುಗಳನ್ನು ಒಂದು ನಿಮಿಷ ಬಾಡಿಸಿ ತೆಗೆದಿಡಿ. ಅದೇ ತುಪ್ಪದಲ್ಲಿ ರವೆಯನ್ನು ಸಣ್ಣ ಉರಿಯಲ್ಲಿ ಎಂಟು ಹತ್ತು ನಿಮಿಷ ಹುರಿಯಿರಿ. ಬಣ್ಣ ತಿರುಗುವ ಮುನ್ನ ಘಮ ಬರಬೇಕು. ಪಕ್ಕದ ಒಲೆಯಲ್ಲಿ ಹಾಲಿಗೆ ಒಂದೂಕಾಲು ಲೋಟ ನೀರು ಸೇರಿಸಿ ಕುದಿಸಿ, ಯಾಕೆಂದರೆ ಹಾಲೊಂದರಲ್ಲೇ ಅಷ್ಟು ರವೆ ಬೇಯುವುದಿಲ್ಲ. ಕುದಿಯುವ ಹಾಲನ್ನು ರವೆಗೆ ಸುರಿಯುತ್ತ ತಿರುವಿ, ಮುಚ್ಚಿ ಎರಡು ನಿಮಿಷ ಬಿಡಿ. ರವೆ ಅರಳಿದ ಮೇಲೆಯೇ ಸಕ್ಕರೆ. ಮೊದಲೇ ಸಕ್ಕರೆ ಹಾಕಿದರೆ ನೀರನ್ನೆಲ್ಲ ಅದೇ ಹಿಡಿದುಕೊಂಡು ರವೆ ಕಾಳುಕಾಳಾಗಿ ಗಟ್ಟಿ ಉಳಿಯುತ್ತದೆ. ಹೆಚ್ಚಿನ ಮನೆಗಳಲ್ಲಿ ಪ್ರಸಾದ ಕಲ್ಲಾಗುವುದು ಇಲ್ಲೇ. ಉಳಿದ ತುಪ್ಪ, ಬಾಳೆಹಣ್ಣು, ಏಲಕ್ಕಿ ಕೊನೆಗೆ. ನೈವೇದ್ಯಕ್ಕೆ ಮುಂಚೆ ರುಚಿ ನೋಡುವ ಹಾಗಿಲ್ಲವಾದ್ದರಿಂದ ಅಳತೆಯನ್ನೇ ನಂಬಬೇಕು. ಕಿಟ್ ಕೊಟ್ಟಿರುವುದು ಚಿರೋಟಿ ರವೆ. ಅದು ಹಾಲು ಕಂಡೊಡನೆ ಗಂಟುಗಟ್ಟಿ ಗೊಜ್ಜಾಗುತ್ತದೆ, ಇನ್ನೊಂದು ದಿನದ ಚಿರೋಟಿಗೇ ಇರಲಿ.

ಇನ್ನು ಪುಸ್ತಿಕೆ, 24 ಪುಟ, ಕನ್ನಡ ಲಿಪಿ. ಉತ್ತರದ ಕಡೆಯ ಪದ್ಧತಿಯ ಪುಸ್ತಕವನ್ನು ಲಿಪಿ ಬದಲಿಸಿ ಅಚ್ಚು ಹಾಕಿದ್ದಾರೆ ಎಂಬುದು ಸಂಕಲ್ಪದಲ್ಲೇ ಗೊತ್ತಾಗುತ್ತದೆ. ವಿಕ್ರಮ ಸಂವತ್ ಎಂದಿದೆ, ಆರ್ಯಾವರ್ತ ಎಂದಿದೆ. ನಮ್ಮ ಕಡೆ ಶಾಲಿವಾಹನ ಶಕೆ, ‘ಗೋದಾವರ್ಯಾಃ ದಕ್ಷಿಣೇ ತೀರೇ’. ಕರಾವಳಿಯವರಾದರೆ ‘ಪರಶುರಾಮಕ್ಷೇತ್ರೇ’, ಮಾಸವೂ ಹಲವರಿಗೆ ಸೌರಮಾನದ್ದು. ಉತ್ತರದಲ್ಲಿ ತಿಂಗಳು ಹುಣ್ಣಿಮೆಗೆ ಮುಗಿಯುತ್ತದೆ, ನಮ್ಮಲ್ಲಿ ಅಮಾವಾಸ್ಯೆಗೆ. ಶುಕ್ಲಪಕ್ಷದಲ್ಲಿ ಎರಡೂ ಹೊಂದುತ್ತವೆ, ಕೃಷ್ಣಪಕ್ಷದಲ್ಲಿ ಪೂಜೆ ಇಟ್ಟುಕೊಂಡು ಪುಸ್ತಿಕೆ ನೋಡಿ ಹೇಳಿದರೆ ಮಾಸವೇ ಬದಲಾಗುತ್ತದೆ. ಸಂವತ್ಸರದ ಹೆಸರಿಗೆ ಖಾಲಿ ಜಾಗ ಬಿಡುವ ಬದಲು ‘ಕ್ರೋಧಿ’ ಎಂದೇ ಅಚ್ಚಾಗಿದೆ. ಕ್ರೋಧಿ 2025ರ ಯುಗಾದಿಗೆ ಮುಗಿಯಿತು. ಆಮೇಲೆ ವಿಶ್ವಾವಸು, 2026ರ ಮಾರ್ಚ್ 19ರ ಯುಗಾದಿಯಿಂದ ಪರಾಭವ. ಪಂಚಾಂಗ ನೋಡಿ ಒಂದು ಚೀಟಿಯಲ್ಲಿ ಸಂವತ್ಸರ, ಅಯನ, ಋತು, ಮಾಸ, ಪಕ್ಷ, ತಿಥಿ, ವಾರ, ನಕ್ಷತ್ರ ಬರೆದು ಪುಸ್ತಿಕೆಗೆ ಅಂಟಿಸಿಕೊಳ್ಳುವುದು ಕ್ಷೇಮ.

ಅಚ್ಚಿನ ತಪ್ಪುಗಳು ಹೇರಳ. ಧೂಪ ‘ದೂಪ’ ಆಗಿದೆ, ದೀಪ ‘ಧೀಪ’ ಆಗಿದೆ, ಆ ಮಹಾಪ್ರಾಣ ಒಂದರಿಂದ ಇನ್ನೊಂದಕ್ಕೆ ಹಾರಿದಂತೆ. ಇದಕ್ಕೆಲ್ಲ ನಕ್ಕು ಬಿಡಬಹುದು. ಫಲಶ್ರುತಿಯಲ್ಲಿ ‘ಧನಪ್ರಾಪ್ತಿ’ ಹೋಗಿ ‘ದನಪ್ರಾಪ್ತಿ’ ಆಗಿರುವುದಕ್ಕೆ ಹೈನುಗಾರರು ಬೇಕಾದರೆ ಸಂತೋಷಪಡಲಿ. ಕಥೆಯನ್ನು ಮೊಟಕು ಮಾಡಿ ಮೂರನೆಯ ಮತ್ತು ನಾಲ್ಕನೆಯ ಅಧ್ಯಾಯಗಳನ್ನು, ಅಂದರೆ ಸಾಧು ವರ್ತಕನ ಹರಕೆ ಮತ್ತು ಕಲಾವತಿಯ ಗಂಡನ ದೋಣಿ ಮುಳುಗುವ ಭಾಗವನ್ನು, ಒಂದೇ ಮಾಡಿಬಿಟ್ಟಿರುವುದು ಮಾತ್ರ ಸರಿಯಲ್ಲ. ಪ್ರತಿ ಅಧ್ಯಾಯದ ಕೊನೆಗೆ ಕಾಯಿ ಒಡೆದು ಆರತಿ ಮಾಡುವ ಮನೆಗಳಲ್ಲಿ ಐದು ಕಾಯಿ ಇಟ್ಟುಕೊಂಡು ಕೂತವರಿಗೆ ನಾಲ್ಕೇ ಅಧ್ಯಾಯ ಸಿಗುತ್ತದೆ.

ಮುಚ್ಚಳದ ಮೇಲಿನ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿದರೆ ಮಂತ್ರದ ಆಡಿಯೋ ಬರುತ್ತದೆ. ಉಚ್ಚಾರಣೆ ಪುಸ್ತಿಕೆಗಿಂತ ಎಷ್ಟೋ ಮೇಲು. ಆದರೆ ಗೋತ್ರ, ನಕ್ಷತ್ರ, ಹೆಸರು ಹೇಳಲು ನಿಲುಗಡೆ ಇಲ್ಲ, ಸ್ನಾನಕ್ಕೆ ಪಂಚಾಮೃತದ ಐದು ಬಟ್ಟಲು ಎತ್ತಿ ಎತ್ತಿ ಇಡುವಷ್ಟರಲ್ಲಿ ಆಡಿಯೋ ವಸ್ತ್ರ, ಯಜ್ಞೋಪವೀತ ದಾಟಿ ಗಂಧಕ್ಕೆ ಹೋಗಿರುತ್ತದೆ. ಪಕ್ಕದಲ್ಲಿ ಒಬ್ಬರು ಫೋನು ಹಿಡಿದು ನಿಲ್ಲಿಸಿ ನಿಲ್ಲಿಸಿ ಹಾಕಬೇಕು.

‘ಇನ್ನೇನೂ ತರಬೇಕಿಲ್ಲ’ ಎಂಬ ಪೆಟ್ಟಿಗೆಯನ್ನು ಕೊಂಡ ಮೇಲೂ ತರಬೇಕಾದ್ದು ಇಷ್ಟಿದೆ: ವೀಳ್ಯದೆಲೆ ಐವತ್ತು, ತೆಂಗಿನಕಾಯಿ ಎರಡರಿಂದ ಏಳು, ಬಾಳೆಹಣ್ಣು ಎರಡು ಚಿಪ್ಪು, ಬಾಳೆಕಂದು ಒಂದು ಜೊತೆ, ಮಾವಿನೆಲೆ, ಗರಿಕೆ 21, ತುಳಸಿ, ಬಿಡಿಹೂ ಅರ್ಧ ಕೆಜಿ, ಕಟ್ಟಿದ ಹೂ ನಾಲ್ಕು ಮೊಳ, ಹಾಲು, ಮೊಸರು, ತುಪ್ಪ, ಮಂಡಲದ ಅಕ್ಕಿ ಒಂದು ಕೆಜಿಗೆ ಕಡಿಮೆಯಿಲ್ಲದಂತೆ, ಒಂದು ರೂಪಾಯಿ ನಾಣ್ಯ ಮೂವತ್ತು, ಮೇಲಿನ ಲೆಕ್ಕದಂತೆ ಇನ್ನೂ ಮೂವತ್ತು ಅಡಿಕೆ. ಪಂಚಾಮೃತದ ಜೇನು ಕಿಟ್‌ನಲ್ಲಿ 20 ಗ್ರಾಂ ಇದೆ, ಸಾಕು. ಜೇನು ಮತ್ತು ತುಪ್ಪವನ್ನು ಸಮತೂಕದಲ್ಲಿ ಬೆರೆಸಬಾರದು ಎನ್ನುತ್ತದೆ ಆಯುರ್ವೇದ, ಆದ್ದರಿಂದ ತುಪ್ಪ ಒಂದು ಚಮಚವಾದರೆ ಜೇನು ಎರಡು.

ಹೊರದೇಶದಲ್ಲಿರುವವರಿಗೆ, ಹತ್ತಿರದಲ್ಲಿ ಗ್ರಂಧಿಗೆ ಅಂಗಡಿ ಇಲ್ಲದವರಿಗೆ ಈ ಪೆಟ್ಟಿಗೆ ಅರ್ಧದಾರಿಯವರೆಗೆ ಕರೆದೊಯ್ಯುತ್ತದೆ. ಚೊಂಬು, ಬತ್ತಿ, ಗೆಜ್ಜೆವಸ್ತ್ರ, ಜನಿವಾರ, ಜೇನು, ದೇವರ ಪಟ ಇವಿಷ್ಟು ನಿಶ್ಚಿಂತೆಯಿಂದ ಬಳಸುವಂಥವು. ಪೇಟೆಯಲ್ಲೇ ಇರುವವರಿಗೆ ಬೇಕಿಲ್ಲ. ಗ್ರಂಧಿಗೆ ಅಂಗಡಿಗೆ ಹೋಗಿ ‘ಸತ್ಯನಾರಾಯಣ ಪೂಜೆ ಸಾಮಾನು ಕಟ್ಟಿಕೊಡಿ’ ಎಂದರೆ ‘ನವಗ್ರಹ ಉಂಟಾ, ಎಷ್ಟು ಜನಕ್ಕೆ ತಾಂಬೂಲ?’ ಎಂದು ಅವರೇ ಕೇಳುತ್ತಾರೆ. ಆ ಎರಡು ಪ್ರಶ್ನೆ ಪೆಟ್ಟಿಗೆಗೆ ಗೊತ್ತಿಲ್ಲ. ಆದರೂ ತರಿಸಿಕೊಂಡವರು ಬಂದ ದಿನವೇ ಬಿಚ್ಚಿ ಅಡಿಕೆ ಅಲ್ಲಾಡಿಸಿ, ಕುಂಕುಮ ನೀರಿಗೆ ಹಾಕಿ ನೋಡಿ. ಪೂಜೆ ಹುಣ್ಣಿಮೆಗಿದ್ದರೆ ಆ ವಾರವೆಲ್ಲ ಅಂಗಡಿಗಳಲ್ಲಿ ಎಲೆಗೂ ಹೂವಿಗೂ ನೂಕುನುಗ್ಗಲು, ಹಿಂದಿನ ಸಂಜೆ ಒಳ್ಳೆಯ ವೀಳ್ಯದೆಲೆ ಐವತ್ತು ಸಿಗುವುದು ಕಷ್ಟ.